ಹೊನ್ನಾವರದ ಹದಿಮೂರು ಶಾಲೆಗಳು

(ಸಂಘದ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ನೀಡಿದ ಉಪನ್ಯಾಸದ ಬರಹರೂಪ)





ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಪ್ರವಾಸವೆಂದರೆ ಸಮುದ್ರ. ಗೋಕರ್ಣ, ಕಾರವಾರ, ಮುರ್ಡೇಶ್ವರ, ಬರುವಾಗ ಜೋಗ. ಈ ದಾರಿಯಲ್ಲಿ ನಮ್ಮ ಬಸ್ಸು ಹೊನ್ನಾವರದಲ್ಲಿ ಚಹಾಕ್ಕೆ ನಿಲ್ಲುತ್ತದೆ. ಮಕ್ಕಳು ಇಳಿಯುತ್ತಾರೆ, ಬಿಸ್ಕೀಟು ಕೊಳ್ಳುತ್ತಾರೆ, ಹತ್ತುತ್ತಾರೆ. ಬಸ್ಸು ಶರಾವತಿ ಸೇತುವೆಯ ಮೇಲೆ ಹೋಗುವಾಗ ಎಲ್ಲರೂ ಒಮ್ಮೆ ಕಿಟಕಿಯ ಕಡೆಗೆ ಬಾಗಿ "ಹೋ" ಎಂದು ಕೂಗುತ್ತಾರೆ. ಅಲ್ಲಿಗೆ ಹೊನ್ನಾವರ ಮುಗಿಯಿತು. ಅಧ್ಯಾಪಕನಾಗಿ ನಾನೂ ಎಷ್ಟೋ ಸಲ ಹಾಗೆಯೇ ಚಹಾ ಕುಡಿದು ಮುಂದೆ ಹೋದವನು. ಆ ಊರಿನ ವಿಷಯ ಪುಸ್ತಕದಲ್ಲಿ ಓದಿದ ಮೇಲೆ, ಇಷ್ಟು ವರ್ಷ ಏನನ್ನು ನೋಡದೆ ಬಂದೆನಲ್ಲಾ ಎಂದು ನಾಚಿಕೆಯಾಯಿತು. ಆದ್ದರಿಂದ ಈ ದಿನ ನನಗೆ ಕೊಟ್ಟ ಸಮಯವನ್ನು ಹೊನ್ನಾವರಕ್ಕೇ ಮೀಸಲಿಡುತ್ತೇನೆ.

ಊರಿನ ನೆಲೆ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕು ಒಂದು ವಿಶೇಷ ನೆಲ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಘಟ್ಟ. ಎರಡರ ನಡುವೆ ಅಂತರ ಕಡಿಮೆ. ಕೆಂಪು ಚಿರೇಕಲ್ಲಿನ ಗುಡ್ಡಗಳು ಸಮುದ್ರದ ಹತ್ತಿರದವರೆಗೂ ಇಳಿದು ಬಂದಿವೆ. ಜೋಗದಲ್ಲಿ 830 ಅಡಿ ಕೆಳಗೆ ಧುಮುಕಿದ ಶರಾವತಿಯು ಗೇರುಸೊಪ್ಪೆಯ ಬಳಿ ಬಯಲಿಗೆ ಬಂದು, ಅಗಲವಾಗಿ, ನಿಧಾನವಾಗಿ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ನದಿಯ ನಡುವೆ ತೆಂಗಿನ ತೋಟಗಳಿರುವ ಕುರ್ವೆಗಳಿವೆ. ಕುರ್ವೆ ಎಂದರೆ ಅಲ್ಲಿನವರ ಮಾತಿನಲ್ಲಿ ನದಿಯೊಳಗಿನ ದ್ವೀಪ. ಮಾವಿನಕುರ್ವೆ ಅವುಗಳಲ್ಲಿ ಹೆಸರಾದದ್ದು.

ನದಿಯ ಅಳಿವೆಯೇ ಹಿಂದಿನ ಕಾಲದ ಬಂದರು. ಸಮುದ್ರದ ಹಡಗು ಒಳಗೆ ಬಂದು ಗಾಳಿಯಿಂದ ಮರೆಯಾಗಿ ನಿಲ್ಲಬಹುದು. ಘಟ್ಟದ ಮೇಲಿನ ಮೆಣಸು, ಅಡಿಕೆ, ಅಕ್ಕಿ ದೋಣಿಯಲ್ಲಿ ಗೇರುಸೊಪ್ಪೆಯಿಂದ ಕೆಳಗೆ ಬರಬಹುದು. ಕಡಲು, ನದಿ, ಘಟ್ಟ ಮೂರೂ ಒಂದೆಡೆ ಕೂಡಿದ್ದರಿಂದ ಆ ಊರು ಬೆಳೆಯಿತು. ಅದೇ ಕಾರಣಕ್ಕೆ ಅದರ ಮೇಲೆ ಎಲ್ಲರ ಕಣ್ಣೂ ಬಿತ್ತು.

ತಾಂಜಿಯರಿನ ಅತಿಥಿ

ಭೂಮಧ್ಯ ಸಮುದ್ರವು ಅಟ್ಲಾಂಟಿಕ್ ಸಾಗರಕ್ಕೆ ತೆರೆದುಕೊಳ್ಳುವ ಬಾಗಿಲಿನಲ್ಲಿ ಮೊರಾಕೊ ದೇಶದ ತಾಂಜಿಯರ್ ಎಂಬ ಪಟ್ಟಣವಿದೆ. ಅದೂ ಗುಡ್ಡದ ಮೇಲೆ ಹತ್ತಿಕೊಂಡಿರುವ ಕಡಲ ಊರು. ಅಲ್ಲಿ 1304ರಲ್ಲಿ ಹುಟ್ಟಿದವರು ಇಬ್ನ್ ಬತೂತಾ. 21ನೆಯ ವಯಸ್ಸಿನಲ್ಲಿ, 1325ರಲ್ಲಿ, ಹಜ್ಜಿಗೆಂದು ಮನೆ ಬಿಟ್ಟರು. ಅವರು ಮನೆಗೆ ಮರಳುವ ಹೊತ್ತಿಗೆ ಇಪ್ಪತ್ತನಾಲ್ಕು ವರ್ಷ ಕಳೆದಿತ್ತು. ಮಕ್ಕಾ, ಯೆಮೆನ್, ಪೂರ್ವ ಆಫ್ರಿಕಾ, ಮಧ್ಯ ಏಷ್ಯಾ ಸುತ್ತಿ ದೆಹಲಿಗೆ ಬಂದು, ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಕೆಳಗೆ ಖಾಜಿಯಾಗಿದ್ದರು. 1342ರಲ್ಲಿ ಸುಲ್ತಾನ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಗುಜರಾತಿನಲ್ಲಿ ಹಡಗು ಹತ್ತಿ, ಗೋವೆಯನ್ನು ದಾಟಿ, ನಮ್ಮ ಕರಾವಳಿಗೆ ಬಂದರು. ಹೊನ್ನಾವರವನ್ನು ಅವರು 'ಹಿನೌರ್' ಎಂದು ಕರೆದಿದ್ದಾರೆ.

ಅವರು ಕಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ದೊಡ್ಡ ಹಡಗುಗಳು ಒಳಬರುವಂಥ ಅಳಿವೆಯ ದಂಡೆಯಲ್ಲಿ, ಸಮುದ್ರದಿಂದ ಅರ್ಧ ಮೈಲಿ ಒಳಗೆ ಊರು ಇತ್ತು. ಮಳೆಗಾಲದ ನಾಲ್ಕು ತಿಂಗಳು ಕಡಲು ಹುಚ್ಚೇಳುತ್ತಿತ್ತು. ಆಗ ಮೀನಿಗೆ ಹೋಗುವವರನ್ನು ಬಿಟ್ಟರೆ ಯಾರೂ ಹಡಗು ಬಿಡುತ್ತಿರಲಿಲ್ಲ. ಜನರು ಶಾಫಿ ಪಂಥದವರು, ದೈವಭಕ್ತರು, ಕಡಲಿನ ಮೇಲೆ ಬಲಶಾಲಿಗಳು. ಅವರಿಗೆ ಹೊಲಗದ್ದೆ ಇರಲಿಲ್ಲ, ಕಡಲ ವ್ಯಾಪಾರದಿಂದಲೇ ಬದುಕುತ್ತಿದ್ದರು. ಊರಿನ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಆತ ಬೆಳಗಾಗುವ ಮುನ್ನವೇ ಮಸೀದಿಗೆ ಬಂದು ಕುರ್‌ಆನ್ ಓದುತ್ತ ಕೂರುತ್ತಿದ್ದ. ಆತನ ಮೇಲೆ ಹರಿಯಬ್ ಎಂಬ ಹಿಂದೂ ಅರಸನಿದ್ದ. ಈ ಹರಿಯಬ್ ಎಂದರೆ ವಿಜಯನಗರದ ಮೊದಲನೆಯ ಹರಿಹರ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ. ಅಂದರೆ ಆ ಮುಸ್ಲಿಂ ಪಟ್ಟಣ ಹಿಂದೂ ಅರಸನ ಛತ್ರದ ಕೆಳಗೆ ಬೆಳೆದದ್ದು. ಇದನ್ನು ನಾವೂ ನೆನಪಿಡಬೇಕು, ಬೇರೆಯವರೂ ನೆನಪಿಡಬೇಕು.

ಊಟದ ವರ್ಣನೆ ಇನ್ನೂ ಸ್ವಾರಸ್ಯ. ತಾಮ್ರದ ದೊಡ್ಡ ತಾಟು ಇಡುತ್ತಿದ್ದರು. ಅದರ ಮೇಲೆ ಅನ್ನ, ತುಪ್ಪ. ಜೊತೆಗೆ ಉಪ್ಪಿನಲ್ಲಿ ಹಾಕಿದ ಹಸಿ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನಕಾಯಿ ಉಪ್ಪಿನಕಾಯಿ. ಒಮ್ಮೆ ಕೋಳಿ, ಮತ್ತೆ ಅನ್ನ. ಒಮ್ಮೆ ಮೀನು, ಮತ್ತೆ ಅನ್ನ. ಆಮೇಲೆ ತರಕಾರಿ, ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಕರಾವಳಿಯವರ ಮನೆಯಲ್ಲಿ ಈಗಲೂ ಇದೇ ಕ್ರಮ ಅಲ್ಲವೇ? ಪಾಪ, ರೊಟ್ಟಿ ತಿನ್ನುವ ನಾಡಿನಿಂದ ಬಂದ ಮನುಷ್ಯ, ಇನ್ನೊಂದು ಸಲ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನ ಉಂಡೆನೆಂದು ಬರೆದುಕೊಂಡಿದ್ದಾರೆ. ಜೋಳದ ರೊಟ್ಟಿಯ ನಮಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಹದಿಮೂರು ಮತ್ತು ಇಪ್ಪತ್ತಮೂರು

ಇಷ್ಟೇ ಆಗಿದ್ದರೆ ಈ ವೇದಿಕೆಯ ಮೇಲೆ ನಿಂತು ಹೇಳುವ ಅಗತ್ಯವಿರಲಿಲ್ಲ. ಹೊನ್ನಾವರದ ಹೆಂಗಸರ ಬಗ್ಗೆ ಅವರು ಬರೆದ ನಾಲ್ಕು ಸಾಲು ನನ್ನನ್ನು ಇಲ್ಲಿ ನಿಲ್ಲಿಸಿದೆ. ಆ ಹೆಂಗಸರು ಹೊಲಿಯದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಉಳಿದ ಸೆರಗನ್ನು ತಲೆ ಮತ್ತು ಭುಜದ ಮೇಲೆ ಹೊದೆಯುತ್ತಿದ್ದರು. ಮೂಗಿಗೆ ಬಂಗಾರದ ನತ್ತು. ಅವರಿಗೆಲ್ಲ ಕುರ್‌ಆನ್ ಬಾಯಿಪಾಠವಾಗಿತ್ತು. ಊರಿನಲ್ಲಿ ಹುಡುಗಿಯರಿಗೆ 13 ಶಾಲೆಗಳಿದ್ದವು, ಹುಡುಗರಿಗೆ 23. ಇಂಥದ್ದನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದು ಅವರು ಸೇರಿಸಿದ್ದಾರೆ.

ವಿದ್ಯಾರ್ಥಿಗಳೇ, ಈ ಮಾತು ಯಾರ ಬಾಯಿಂದ ಬಂತೆಂದು ಗಮನಿಸಿ. ಕೈರೋ ಕಂಡವರು, ದಮಾಸ್ಕಸ್ ಕಂಡವರು, ಬಗ್ದಾದ್ ಕಂಡವರು, ದೆಹಲಿಯಲ್ಲಿ ನ್ಯಾಯ ಹೇಳಿದವರು. ತಮ್ಮ ಪ್ರವಾಸದ ಕಥೆಯನ್ನು ಅವರು ಬರೆಸಿದ್ದು ಮೊರಾಕೊದ ಫೆಜ್ ನಗರದಲ್ಲಿ. ಬರವಣಿಗೆ ಮುಗಿದದ್ದು 1355ರಲ್ಲಿ. ಫೆಜ್ ಸಾಮಾನ್ಯ ಊರಲ್ಲ. ಅಲ್ಲಿನ ಖರವಿಯ್ಯೀನ್ ಮಸೀದಿ ಮತ್ತು ವಿದ್ಯಾಲಯವನ್ನು 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ಕಟ್ಟಿಸಿದಳೆಂಬ ಪ್ರತೀತಿ ಇದೆ. ಅಂಥ ನಗರದಲ್ಲಿ ಕುಳಿತು, ದೂರದ ಕರಾವಳಿಯ ಒಂದು ಸಣ್ಣ ಬಂದರನ್ನು ನೆನೆದು, ಅಲ್ಲಿ ಕಂಡದ್ದು ಇನ್ನೆಲ್ಲೂ ಇರಲಿಲ್ಲ ಎಂದರು. ಆ ಬಂದರು ನಮ್ಮ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ನಾಲ್ಕೈದು ಗಂಟೆಯ ದಾರಿ.

ಕೆಲವರು ನನಗೆ ಹೇಳಿದ್ದುಂಟು: "ಸರ್, ಅವು ಮಕ್ತಬ್‌ಗಳು. ಕುರ್‌ಆನ್ ಅಷ್ಟೇ ಕಲಿಸುತ್ತಿದ್ದರು. ಈಗಿನ ಶಾಲೆಗೆ ಹೋಲಿಸಬೇಡಿ." ಮಾತು ಅರ್ಧ ಸರಿ. ಆ ಕಾಲದಲ್ಲಿ ಭೂಗೋಳ, ಬೀಜಗಣಿತದ ತರಗತಿ ಅಲ್ಲಿ ನಡೆಯುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಸಮಾಜದಲ್ಲಿ ಆಗ ಎಲ್ಲ ವಿದ್ಯೆಯ ಮೊದಲ ಮೆಟ್ಟಿಲೇ ಅದು. ಹುಡುಗನೂ ಅಲ್ಲಿಂದಲೇ ಹತ್ತಬೇಕಾಗಿತ್ತು. ಆ ಮೊದಲ ಮೆಟ್ಟಿಲನ್ನು ಹುಡುಗಿಗೂ ಕಟ್ಟಿಕೊಟ್ಟಿದ್ದರು ಎಂಬುದು ಮುಖ್ಯ. ಒಟ್ಟು 36 ಶಾಲೆಗಳಲ್ಲಿ 13 ಹೆಣ್ಣುಮಕ್ಕಳದು, ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ನಮ್ಮ ಕಾಲದ ಅತ್ಯುತ್ತಮವಾದುದನ್ನು ನಾವು ಹೆಣ್ಣುಮಕ್ಕಳಿಗೂ ಕೊಡುತ್ತಿದ್ದೇವೆಯೇ ಎಂದು ಕೇಳಿಕೊಂಡರೆ ಹೋಲಿಕೆ ಸರಿಯಾಗುತ್ತದೆ.

ಅಲ್ಲಿ ಏಕೆ ಅಷ್ಟು ಶಾಲೆಗಳಿದ್ದವು? ಇಬ್ನ್ ಬತೂತಾ ಕಾರಣ ಹೇಳಿಲ್ಲ. ನನ್ನ ಊಹೆ ಹೀಗೆ. ಗಂಡಸರು ವರ್ಷದಲ್ಲಿ ಹಲವು ತಿಂಗಳು ಕಡಲಿನ ಮೇಲೆ. ಮನೆ, ಮಕ್ಕಳು, ದೀನ್, ಲೆಕ್ಕ ಎಲ್ಲ ಹೆಂಗಸರ ಕೈಯಲ್ಲಿ. ಹೊಲವಿಲ್ಲದ ಜನಕ್ಕೆ ವಿದ್ಯೆಯೇ ಆಸ್ತಿ. ಊರಿನಲ್ಲಿ ಕಲಿಸುವವರೂ ಇದ್ದರು. ಕುರ್‌ಆನ್ ಕಲಿಸುತ್ತಿದ್ದ ಫಕೀಹ್ ಇಸ್ಮಾಯಿಲ್ ಎಂಬ ಉಸ್ತಾದರ ಹೆಸರನ್ನು ಪ್ರವಾಸಿ ಗೌರವದಿಂದ ಬರೆದಿದ್ದಾರೆ. ಆದರೆ ಆ 13 ಶಾಲೆಗಳಲ್ಲಿ ಕಲಿತ ಒಬ್ಬ ಹುಡುಗಿಯ ಹೆಸರೂ ಉಳಿದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನಾವು ಹಳೆಯ ಕಾಲವನ್ನು ನೆನೆಯುವಾಗ ಒಳ್ಳೆಯದನ್ನಷ್ಟೇ ಆಯ್ದುಕೊಳ್ಳುತ್ತೇವೆ. ಅದೇ ಸುಲ್ತಾನ 52 ಹಡಗು ಕಟ್ಟಿಕೊಂಡು ಗೋವೆಯ ಮೇಲೆ ದಂಡೆತ್ತಿ ಹೋದ. ಇಬ್ನ್ ಬತೂತಾ ಸ್ವತಃ ಆ ಯುದ್ಧದಲ್ಲಿ ಪಾಲ್ಗೊಂಡರು. ಅರಮನೆಯಲ್ಲಿ ಅನ್ನ ಬಡಿಸುತ್ತಿದ್ದವಳು ರೇಷ್ಮೆ ಉಟ್ಟ ದಾಸಿ. ಆ ಕಾಲ ಚಿನ್ನದ ಕಾಲವಾಗಿರಲಿಲ್ಲ, ಎಲ್ಲ ಕಾಲದಂತೆ ಅದೂ ಬೆರಕೆ. ಅದರಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ನಮ್ಮದು.

ಬಂದರಿನ ಏಳುಬೀಳು

ಮುಂದಿನ ಕಥೆಯನ್ನು ಬೇಗ ಹೇಳುತ್ತೇನೆ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟ. ಐದು ವರ್ಷದ ನಂತರ ಇದೇ ಹೊನ್ನಾವರದ ಕಡಲ ನಾಯಕ ತಿಮ್ಮೋಜ ಪೋರ್ಚುಗೀಸರ ಆಲ್ಬುಕರ್ಕನಿಗೆ ದಾರಿ ತೋರಿಸಿ, 1510ರಲ್ಲಿ ಗೋವೆ ಹಿಡಿಯಲು ನೆರವಾದ. 1569ರ ಹೊತ್ತಿಗೆ ಪೋರ್ಚುಗೀಸರು ಹೊನ್ನಾವರದಲ್ಲಿ ಕೋಟೆ ಮಾಡಿಕೊಂಡಿದ್ದರು. ಅವರ ಬಾಯಲ್ಲಿ ಊರಿನ ಹೆಸರು 'ಓನೋರ್'.

ಆಗ ಒಳನಾಡನ್ನು ಆಳುತ್ತಿದ್ದವಳು ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ. ಮೆಣಸಿನ ವ್ಯಾಪಾರ ಆಕೆಯ ಮುಷ್ಟಿಯಲ್ಲಿದ್ದುದರಿಂದ ಪೋರ್ಚುಗೀಸರೇ ಆಕೆಯನ್ನು 'ಮೆಣಸಿನ ರಾಣಿ' ಎಂದು ಕರೆದರು. ಐದು ದಶಕಕ್ಕೂ ಹೆಚ್ಚು ಕಾಲ ಆಳಿದ ಹೆಣ್ಣು. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಯನ್ನು ಆಕೆಯ ಹೆಸರಿನೊಂದಿಗೆ ಜೋಡಿಸುತ್ತಾರೆ. 17ನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ ಆಕೆಯ ರಾಜ್ಯ ಮುಗಿಯಿತು.

1623ರಲ್ಲಿ ಭೂಮಧ್ಯ ಸಮುದ್ರದ ಕಡೆಯಿಂದ ಇನ್ನೊಬ್ಬ ಪ್ರವಾಸಿ ಬಂದ. ಈತ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಗೇರುಸೊಪ್ಪೆಯಲ್ಲಿ ರಾಣಿಯ ಅರಮನೆಗಳ ಮೇಲೆ ಆಗಲೇ ಮರ ಬೆಳೆದು ಕಾಡಾಗಿತ್ತು. ಆದರೆ ದಾರಿಯ ಒಂದು ಗುಡಿಯ ಜಗಲಿಯಲ್ಲಿ ಆತ ಒಂದು ಸೊಗಸಾದ ನೋಟ ಕಂಡ. ನಾಲ್ವರು ಹುಡುಗರು ನೆಲದ ಮೇಲೆ ತೆಳ್ಳಗೆ ಮರಳು ಹರಡಿಕೊಂಡು, ಒಬ್ಬ ರಾಗವಾಗಿ ಹೇಳಿದ್ದನ್ನು ಎಲ್ಲರೂ ಹೇಳುತ್ತ, ಬೆರಳಿನಿಂದ ಅಂಕಿ ಬರೆಯುತ್ತ ಲೆಕ್ಕ ಕಲಿಯುತ್ತಿದ್ದರು. ಮರಳು ತುಂಬಿದಾಗ ಅಳಿಸಿ ಮತ್ತೆ ಹರಡುತ್ತಿದ್ದರು. ಕಾಗದದ ಖರ್ಚಿಲ್ಲ, ಗುರುವೂ ಇಲ್ಲ. "ಮರೆತರೆ ತಿದ್ದುವವರು ಯಾರು?" ಎಂದು ಆತ ಕೇಳಿದ. ನಾಲ್ವರೂ ಒಟ್ಟಿಗೇ ಮರೆಯುವುದು ಸಾಧ್ಯವಿಲ್ಲವಲ್ಲ ಎಂಬುದು ಆ ಹುಡುಗರ ಉತ್ತರವಾಗಿತ್ತು.

ಮಕ್ಕಳೇ, ಈ ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಟ್ಯೂಶನ್ ಇಲ್ಲ, ಗೈಡ್ ಇಲ್ಲ ಎಂದು ದೂರುವಾಗ ಆ ಮರಳು ನೆನಪಾಗಲಿ. ನಾಲ್ವರು ಕೂಡಿ ಕುಳಿತು ಓದಿದರೆ ನಾಲ್ವರೂ ಒಟ್ಟಿಗೆ ಮರೆಯುವುದಿಲ್ಲ.

ಆ ಮೇಲೆ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಹೊರಗಟ್ಟಿದ. 1763ರಲ್ಲಿ ಬಿದನೂರಿನೊಂದಿಗೆ ಈ ಕರಾವಳಿಯೂ ಹೈದರ್ ಅಲಿಯ ವಶವಾಯಿತು. ಹೈದರ್ ಇಲ್ಲಿ ಯುದ್ಧನೌಕೆ ಕಟ್ಟುವ ಕಟ್ಟೆ ಮಾಡಿಸಿದ. 1783ರಲ್ಲಿ ಬ್ರಿಟಿಷರು ಕೋಟೆ ಹಿಡಿದರು. ಟಿಪ್ಪುವಿನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. 1784ರ ಮಂಗಳೂರು ಒಪ್ಪಂದದಂತೆ ಊರು ಟಿಪ್ಪುವಿಗೆ ಮರಳಿತು, 1799ರಲ್ಲಿ ಕಂಪನಿಯ ಪಾಲಾಯಿತು. 1801ರಲ್ಲಿ ಇಲ್ಲಿಗೆ ಬಂದ ಬುಕಾನನ್, ಒಂದು ಕಾಲದ ದೊಡ್ಡ ವ್ಯಾಪಾರದ ಊರನ್ನು ಟಿಪ್ಪು ಕೆಡವಿಸಿದನೆಂದು ಬರೆದಿದ್ದಾನೆ. ಯಾರು ಕಟ್ಟಿದರು, ಯಾರು ಕೆಡವಿದರು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಹತ್ತಾರು ಧ್ವಜಗಳು ಹಾರಿ ಇಳಿದ ಊರಿನಲ್ಲಿ ಶಾಲೆಗಳು ಎಲ್ಲಿ ಹೋದವೆಂದು ಯಾರೂ ಬರೆದಿಡಲಿಲ್ಲ. ನನಗೆ ನೋವು ತರುವುದು ಅದು.

ನಮ್ಮ ಹುಬ್ಬಳ್ಳಿಗೂ ಆ ಕಡಲಿಗೂ

ಇದು ಕರಾವಳಿಯವರ ಕಥೆ, ನಮಗೇನು ಎಂದು ತಿಳಿಯಬೇಡಿ. ಹೊನ್ನಾವರದ ಪಕ್ಕದ ಕುಮಟಾ ಬಂದರಿಗೆ 19ನೆಯ ಶತಮಾನದಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದ ಅರಳೆ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಹೋಗುತ್ತಿತ್ತು. ಬೆಳೆದದ್ದು ನಮ್ಮ ಎರೆಹೊಲದಲ್ಲಿ, ಆದರೆ ಹಡಗು ಹತ್ತಿದ ಬಂದರಿನ ಹೆಸರಿನಿಂದ ಅದಕ್ಕೆ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರದಾದಾಗ, ನಮ್ಮ ಅರಳೆಗೆ ಬಂಗಾರದ ಬೆಲೆ ಬಂತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು, ಗೋವೆಯ ಮರ್ಮಗೋವಾ ಬಂದರಿಗೆ ಹಳಿ ಕೂಡಿತು. ಅರಳೆ ರೈಲು ಹತ್ತಿತು, ಕುಮಟಾ ಸೊರಗಿತು. ನಮ್ಮ ಹುಬ್ಬಳ್ಳಿ ಬೆಳೆಯಿತು. ದಾರಿ ತಿರುಗಿದರೆ ಊರಿನ ಭಾಗ್ಯವೂ ತಿರುಗುತ್ತದೆ. ವ್ಯಾಪಾರವನ್ನೇ ನಂಬಿದ ಸಮಾಜ ಇದನ್ನು ಮರೆಯಬಾರದು.

ನೋಡಬೇಕಾದದ್ದು

ಈಗ ಪ್ರವಾಸಕ್ಕೆ ಹೋಗುವ ಮಕ್ಕಳಿಗೆ ನಾಲ್ಕು ಮಾತು. ಹೊನ್ನಾವರದಲ್ಲಿ ಚಹಾ ಕುಡಿದು ಓಡಬೇಡಿ, ಒಂದು ದಿನ ಇಡಿ. ಶರಾವತಿಯ ಹಿನ್ನೀರಿನಲ್ಲಿ ದೋಣಿ ಸಿಗುತ್ತದೆ. ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಕಾಂಡ್ಲಾ ಗಿಡಗಳು ಉಪ್ಪುನೀರಿನಲ್ಲಿ ಬೇರೂರಿ ದಂಡೆಯನ್ನು ಹೇಗೆ ಹಿಡಿದಿಡುತ್ತವೆ ಎಂಬುದನ್ನು ವಿಜ್ಞಾನದ ಮಕ್ಕಳು ಅಲ್ಲಿ ಕಣ್ಣಾರೆ ಕಾಣಬಹುದು. ನದಿಯ ಆಚೆ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಸ್ವಚ್ಛತೆಗಾಗಿ ಅಂತರರಾಷ್ಟ್ರೀಯ 'ಬ್ಲೂ ಫ್ಲ್ಯಾಗ್' ಮನ್ನಣೆ ಸಿಕ್ಕಿತು. ಸ್ವಲ್ಪ ದಕ್ಷಿಣಕ್ಕೆ ಅಪ್ಸರಕೊಂಡ. ಅಲ್ಲಿ ಸಣ್ಣ ಜಲಪಾತ, ಮೇಲಿನ ಗುಡ್ಡದಿಂದ ಕಡಲಿನ ನೋಟ. ಅಳಿವೆಯ ವಾಯವ್ಯಕ್ಕೆ ಕಡಲಿನೊಳಗೆ ಬಸವರಾಜದುರ್ಗವೆಂಬ ದ್ವೀಪ, ಅದರ ಸುತ್ತ ಕೆಳದಿ ಅರಸರ ಕಾಲದ ಚಿರೇಕಲ್ಲಿನ ಕೋಟೆ.

ಗೇರುಸೊಪ್ಪೆಯ ಕಾಡಿನೊಳಗೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಮುಖ ಮಾಡಿದ ತೀರ್ಥಂಕರರು. ರಾಣಿಯ ರಾಜಧಾನಿಯಲ್ಲಿ ಉಳಿದ ದೊಡ್ಡ ಕಟ್ಟಡ ಅದೊಂದೇ ಎನ್ನಬಹುದು. ಅದನ್ನು ತಪ್ಪದೆ ನೋಡಿ. ನಮ್ಮ ಧರ್ಮದ ಕಟ್ಟಡವಲ್ಲವೆಂದು ಬಸ್ಸಿನಲ್ಲಿಯೇ ಕುಳಿತುಕೊಳ್ಳುವವನು ಇಬ್ನ್ ಬತೂತಾರಿಂದ ಏನನ್ನೂ ಕಲಿಯಲಿಲ್ಲ.

ಶರಾವತಿ ದಂಡೆಯ ವಲ್ಕಿ, ಉಪ್ಪೋಣಿಯಂಥ ಹಳ್ಳಿಗಳಲ್ಲಿ ಈಗಲೂ ನವಾಯತರಿದ್ದಾರೆ. ಅರಬ್ಬಿ ವ್ಯಾಪಾರಿಗಳ ಸಂತತಿಯೆಂದು ಹೇಳಿಕೊಳ್ಳುವ, ಶಾಫಿ ಪಂಥದ, ಕೊಂಕಣಿಗೆ ಹತ್ತಿರವಾದ ನವಾಯತಿ ಮಾತನಾಡುವ ಜನ. ಮನೆಗೆ ಬಂದವರಿಗೆ ಅನ್ನ, ಮೀನು ಬಡಿಸುವ ಪದ್ಧತಿ ಅವರಲ್ಲಿ ಇನ್ನೂ ಉಳಿದಿದೆ. ಆದರೆ ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಆ 13 ಶಾಲೆಗಳನ್ನು ಹುಡುಕಬೇಡಿ. ಒಂದು ಗೋಡೆಯೂ ಇಲ್ಲ, ಒಂದು ಕಲ್ಲಿನ ಮೇಲೆ ಬರಹವೂ ಇಲ್ಲ. ಒಬ್ಬ ಪರದೇಶಿ ಬಂದು ಎಣಿಸಿ ಬರೆದಿಟ್ಟನೆಂಬ ಕಾರಣಕ್ಕೆ ಮಾತ್ರ ಅವು ನಮಗೆ ಗೊತ್ತು.

ಎಣಿಸುವ ಕೆಲಸ

ನನ್ನ ಮಾತಿನ ತಿರುಳು ಇಷ್ಟೇ. ಇಬ್ನ್ ಬತೂತಾ ಹೊಗಳಿ ಸುಮ್ಮನಾಗಲಿಲ್ಲ, ಎಣಿಸಿದರು. ನಾವು ಹೊಗಳಿಕೊಳ್ಳುತ್ತೇವೆ, ಎಣಿಸುವುದಿಲ್ಲ. ಇಲ್ಮ್ ಗಳಿಸುವುದು ಫರ್ಜ್ ಎಂದು ಪ್ರತಿ ಜಲ್ಸಾದಲ್ಲಿ ಕೇಳುತ್ತೇವೆ, ತಲೆದೂಗುತ್ತೇವೆ. ನಮ್ಮ ಮೊಹಲ್ಲಾದಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರೆಷ್ಟು, ಜುಲೈ ತಿಂಗಳಲ್ಲಿ ಅವರಲ್ಲಿ ಕಾಲೇಜಿನಲ್ಲಿ ಇರುವವರೆಷ್ಟು ಎಂದು ಕೇಳಿದರೆ ಉತ್ತರ ಇಲ್ಲ.

ಸರಕಾರ ಎಣಿಸಿದೆ. 2001ರ ಜನಗಣತಿಯ ಪ್ರಕಾರ ದೇಶದ ಮುಸ್ಲಿಂ ಮಹಿಳೆಯರಲ್ಲಿ ಓದುಬರಹ ಬಲ್ಲವರು ನೂರಕ್ಕೆ 50.1. 2006ರ ಸಾಚಾರ್ ಸಮಿತಿಯ ವರದಿ ನಮ್ಮ ಸಮಾಜದ ಮುಂದೆ ಕನ್ನಡಿ ಹಿಡಿಯಿತು. 2011ರ ಜನಗಣತಿಯಲ್ಲಿ ಆ ಸಂಖ್ಯೆ ಸುಮಾರು 62ಕ್ಕೆ ಏರಿತು. ಏರಿದ್ದು ಸಂತೋಷ. ಆದರೆ ಆ ಲೆಕ್ಕದಲ್ಲಿಯೂ ನೂರಕ್ಕೆ 38 ಮಂದಿ ಹೊರಗೇ ಉಳಿದರು. ಅವರ ಹೆಸರು ಸರಕಾರಕ್ಕೆ ಬೇಕಾಗಿಲ್ಲ. ನಮಗೆ ಬೇಕು, ಏಕೆಂದರೆ ಅವರು ನಮ್ಮ ಓಣಿಯವರು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಹಳೇ ಹುಬ್ಬಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ನಮ್ಮ ತರಗತಿಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಗಣಿತದಲ್ಲಿ ಅವಳ ಕೈ ಹಿಡಿಯುವವರಿರಲಿಲ್ಲ. ಜೂನಿನಲ್ಲಿ ತಂದೆ ಬಂದು ವರ್ಗಾವಣೆ ಪತ್ರ ಕೇಳಿದರು. ಯಾವ ಕಾಲೇಜಿಗೆ ಎಂದು ನಾನು ಕೇಳಲಿಲ್ಲ. ಕಾಗದಕ್ಕೆ ಬೇಕಾದ ಸಹಿ ಹಾಕಿಸಿ ಕೊಟ್ಟು ಕಳಿಸಿದೆ. ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು, ಜೊತೆಗೆ ಹೋಗುವವರು ಯಾರೂ ಇಲ್ಲ ಎಂದು ಅವಳನ್ನು ಮನೆಯಲ್ಲಿಯೇ ಉಳಿಸಿಕೊಂಡರೆಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ, ಅವಳ ಮದುವೆಯ ಕರೆಯೋಲೆ ಬಂದಾಗ. ಅದೇ ಓಣಿಯಿಂದ ಇನ್ನೂ ಇಬ್ಬರು ಹುಡುಗಿಯರು ಆ ವರ್ಷ ಪಾಸಾಗಿದ್ದರು. ಮೂವರನ್ನೂ ಕೂಡಿಸಿ ಕಳಿಸಿ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಾಗಿತ್ತೋ ಏನೋ. ತಂದೆ ಕೆಟ್ಟವರಲ್ಲ. ಕೇಳಬೇಕಾದವನು ಕೇಳಲಿಲ್ಲ, ಅಷ್ಟೇ.

ಹೊನ್ನಾವರದ ಪಕ್ಕದ ಭಟ್ಕಳವನ್ನು ನೋಡಿ. ಅಲ್ಲಿನ ನವಾಯತ ಹಿರಿಯರು 1919ರಲ್ಲಿ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಸಂಸ್ಥೆ ಕಟ್ಟಿದರು. ಶಾಲೆಯಿಂದ ಮೊದಲಾಗಿ ಮುಂದೆ ಹೆಣ್ಣುಮಕ್ಕಳ ಕಾಲೇಜು, ಇಂಜಿನಿಯರಿಂಗ್ ಕಾಲೇಜಿನವರೆಗೆ ಅದು ಬೆಳೆಯಿತು. ಮದ್ರಾಸು, ಮುಂಬಯಿ, ಕೊಲ್ಲಿ ದೇಶಗಳಲ್ಲಿ ದುಡಿದವರು ಊರಿನ ಶಾಲೆಗೆ ಹಣ ಕಳಿಸಿದರು. ಹಡಗಿನ ವ್ಯಾಪಾರ ಹೋದರೂ, ದೂರ ದುಡಿದು ಊರಿನಲ್ಲಿ ಶಾಲೆ ನಡೆಸುವ ಬುದ್ಧಿ ಉಳಿಯಿತು. ನಮ್ಮ ಹಿರಿಯರೂ ಬೀಡಿ, ನೇಕಾರಿಕೆ, ಗಾಡಿ ರಿಪೇರಿ, ಸಣ್ಣ ಅಂಗಡಿಗಳ ದುಡಿಮೆಯಿಂದ ಚಂದಾ ಕೂಡಿಸಿ ಇಲ್ಲಿ ಶಾಲೆಗಳನ್ನು ನಿಲ್ಲಿಸಿದ್ದಾರೆ. ಅವು ನಿಂತಿವೆ ಎಂದು ನೆಮ್ಮದಿಯಿಂದ ಇರಬೇಡಿ. 36 ಶಾಲೆಗಳ ಊರಿನಲ್ಲಿಯೂ ಯಾರೋ ಹೀಗೆಯೇ ನೆಮ್ಮದಿಯಿಂದ ಇದ್ದಿರಬೇಕು.

ಸಂಘದ ಮುಂದೆ ನನ್ನದೊಂದು ವಿನಂತಿ. ದೊಡ್ಡ ಯೋಜನೆಯಲ್ಲ, ಹಣವೂ ಬೇಡ. ಒಂದು ದಪ್ಪ ನೋಟ್‌ಬುಕ್ ತರಿಸಿ. ಪ್ರತಿ ಮೊಹಲ್ಲಾಕ್ಕೆ ಒಂದು ಪುಟ. ಮೇ ತಿಂಗಳಲ್ಲಿ ಫಲಿತಾಂಶ ಬಂದ ಕೂಡಲೇ ಪಾಸಾದ, ನಪಾಸಾದ ಎಲ್ಲ ಹುಡುಗಿಯರ ಹೆಸರು ಬರೆಯಿರಿ. ಆಗಸ್ಟಿನಲ್ಲಿ ಇಬ್ಬರು ಸದಸ್ಯರು ಮತ್ತು ಒಬ್ಬ ಅಧ್ಯಾಪಕಿ ಆ ಪುಟ ಹಿಡಿದುಕೊಂಡು ಓಣಿಗೆ ಹೋಗಲಿ. ಯಾರು ಕಾಲೇಜಿಗೆ ಹೋಗುತ್ತಿಲ್ಲವೋ ಅವರ ಮನೆಯಲ್ಲಿ ಕುಳಿತು ಕಾರಣ ಕೇಳಲಿ. ಫೀಸೇ? ಬಸ್ಸೇ? ಜೊತೆಯೇ? ಅಥವಾ ಬರೀ ಹೆದರಿಕೆಯೇ? ಅರ್ಧ ಕಾರಣಗಳು ಅಲ್ಲಿಯೇ, ಆ ಜಗಲಿಯ ಮೇಲೆಯೇ ಬಗೆಹರಿಯುತ್ತವೆ. ಉಳಿದವನ್ನು ಸಭೆಗೆ ತನ್ನಿ. ನಪಾಸಾದವಳನ್ನು ಮತ್ತೆ ಪರೀಕ್ಷೆಗೆ ಕೂರಿಸಲು ಇದೇ ಕಟ್ಟಡದಲ್ಲಿ ಸಂಜೆ ಎರಡು ತಾಸು ದೀಪ ಹಚ್ಚಿಟ್ಟರೆ ಸಾಕು.

ವಿದ್ಯಾರ್ಥಿನಿಯರೇ, ನಿಮಗೆ ಕೊನೆಯ ಮಾತು. ಏಳುನೂರು ವರ್ಷಗಳ ಹಿಂದೆ, ನತ್ತು ತೊಟ್ಟು, ಸೆರಗು ಹೊದ್ದು ಶಾಲೆಗೆ ಹೋಗುತ್ತಿದ್ದ ಆ ಹುಡುಗಿಯರಿಗೆ ತಮ್ಮನ್ನು ಯಾರೋ ಎಣಿಸುತ್ತಿದ್ದಾರೆಂದು ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ಯಾರಾದರೂ ಓದು ಸಾಕು, ಇದು ನಮ್ಮ ರಿವಾಜಲ್ಲ ಎಂದರೆ, ಜಗಳವಾಡಬೇಡಿ. "ಅಪ್ಪಾಜಿ, ಹೊನ್ನಾವರದಲ್ಲಿ ಹದಿಮೂರು ಶಾಲೆ ಇದ್ದವಂತೆ" ಎಂದು ಅದಬಿನಿಂದ ಹೇಳಿ. ರಿವಾಜು ಯಾವುದೆಂದು ಅವರೇ ಯೋಚಿಸಲಿ.

ಈ ಸಲ ಪ್ರವಾಸದ ಬಸ್ಸು ಶರಾವತಿ ಸೇತುವೆ ದಾಟುವಾಗ "ಹೋ" ಎಂದು ಕೂಗಿ, ಅಡ್ಡಿಯಿಲ್ಲ. ಕೂಗಿದ ಮೇಲೆ ಬಸ್ಸಿನಲ್ಲಿ ಹುಡುಗಿಯರು ಎಷ್ಟು ಮಂದಿ ಇದ್ದಾರೆಂದು ಒಮ್ಮೆ ಎಣಿಸಿ. ಮುಂದಿನ ವರ್ಷ ಮತ್ತೆ ಎಣಿಸಿ.

ನಮ್ಮ ಈ ಸಂಸ್ಥೆಯನ್ನು ಅಲ್ಲಾಹನು ಉಳಿಸಲಿ, ಬೆಳೆಸಲಿ, ಇಲ್ಲಿ ಕಲಿಯುವ ಪ್ರತಿಯೊಂದು ಮಗುವಿಗೆ ಉಪಕಾರವಾಗುವ ವಿದ್ಯೆ ಕೊಡಲಿ ಎಂದು ದುಆ ಮಾಡುತ್ತೇನೆ.